ಮರಳೋ, ಉಪ್ಪೋ: ಜೈಸಲ್ಮೇರ್, ಕಛ್ ಎರಡನ್ನೂ ಸುತ್ತಿ ಬಂದ ಮೇಲೆ

ಡಿಸೆಂಬರ್, ಜನವರಿಯಲ್ಲಿ ಕೋಲಾರದವರನ್ನು ಊರು ಬಿಡಿಸುವುದು ಸುಲಭವಲ್ಲ. ಅವರೆಕಾಯಿ ಕಾಲ. "ಹಿತಕಿದ ಬೇಳೆ ಸಾರು ಬಿಟ್ಟು ಮರಳು ನೋಡೋಕೆ ಹೋಗ್ತೀರಾ?" ಎಂದು ನಮ್ಮತ್ತೆ ಎರಡು ವರ್ಷವೂ ಕೇಳಿದರು. ಎರಡು ವರ್ಷವೂ ನಮಗಿಂತ ಮೊದಲು ಬ್ಯಾಗ್ ಕಟ್ಟಿದ್ದೂ ಅವರೇ.

ಮೊದಲ ವರ್ಷ ರಾಜಸ್ಥಾನದ ಜೈಸಲ್ಮೇರ್, ಮರುವರ್ಷ ಗುಜರಾತಿನ ಕಛ್. ಹೋದವರು ನಾಲ್ಕೇ ಜನ: ನಾನು, ನಮ್ಮನೆಯವರು, ಅತ್ತೆ, ಏಳನೇ ಕ್ಲಾಸಿನ ಮಗಳು. ಒಬ್ಬೊಬ್ಬರಿಗೆ ಒಂದೊಂದು ಬೇಕು. ಹಾಗಾಗಿ ನಮಗೆ ಮುಖ್ಯವಾಗಿದ್ದು ಮರುಭೂಮಿ ಎಷ್ಟು ಚೆನ್ನಾಗಿದೆ ಅನ್ನುವುದಲ್ಲ. ಅದನ್ನು ನೋಡಿ ಮುಗಿಸಿದ ಮೇಲೆ ಉಳಿದ ದಿನ ಏನು ಮಾಡುವುದು ಅನ್ನುವುದು.

ಯಾಕೆಂದರೆ ಮರಳು ಒಂದು ಸಂಜೆಗೆ ಸಾಕಾಗುತ್ತದೆ. ನಮ್ಮನೆಯವರು ಬೆಳೆದದ್ದು ರಾಬರ್ಟ್‌ಸನ್‌ಪೇಟೆಯಲ್ಲಿ, ಚಿನ್ನದ ಗಣಿಯ ಸೈನೈಡ್ ದಿಬ್ಬಗಳನ್ನು, ಅಂದರೆ ಚಿನ್ನ ತೆಗೆದ ಮೇಲೆ ಸುರಿದ ಪುಡಿಮಣ್ಣಿನ ರಾಶಿಗಳನ್ನು ನೋಡಿಕೊಂಡು. ಜೈಸಲ್ಮೇರ್‌ನಿಂದ 40 ಕಿ.ಮೀ. ದೂರದ ಸಮ್‌ನಲ್ಲಿ ಇಳಿದವರೇ ಸೊಂಟಕ್ಕೆ ಕೈ ಕೊಟ್ಟು ನಿಂತರು. "ನಮ್ಮ ದಿಬ್ಬ ಇದಕ್ಕೇನು ಕಮ್ಮಿ? ಇದಕ್ಕೆ ಎರಡು ದಿನ ರೈಲಲ್ಲಿ ಕೂತು ಬಂದ್ವಾ?"

ತಮಾಷೆಗೆ ಹೇಳಿದ್ದು, ಆದರೆ ಸಮ್ ಅವರನ್ನೇ ಗೆಲ್ಲಿಸಿತು. ದಿಬ್ಬದ ತುಂಬ ಜೀಪು, ಒಂಟೆ, ಸೆಲ್ಫಿ. ನಾವು ಉಳಿದ ಕ್ಯಾಂಪಿನಲ್ಲಿ ಜಾನಪದ ಹಾಡು ಅರ್ಧ ಗಂಟೆಗೆ ಮುಗಿಯಿತು, ಆಮೇಲೆ ನಡುರಾತ್ರಿವರೆಗೂ ಡಿಜೆ. ಟೆಂಟಿನೊಳಗೆ ಚಳಿ ಒಂದಂಕಿಗೆ ಇಳಿದಿತ್ತು. ಕೊಟ್ಟ ರಜಾಯಿ ಅತ್ತೆಯ ಹಳೇ ಸೀರೆಯಷ್ಟೂ ದಪ್ಪ ಇರಲಿಲ್ಲ. ಶಾಲು, ಸ್ವೆಟರ್, ಮಂಕಿ ಟೋಪಿ ಎಲ್ಲ ಹಾಕಿಕೊಂಡೇ ಮಲಗಿದೆವು.

ಮರುದಿನ ಖೂರಿಗೆ ಹೋದೆವು. ಅದು ಇನ್ನೊಂದು ದಿಕ್ಕು, ಚಿಕ್ಕ ಹಳ್ಳಿ, ಜನ ಕಡಿಮೆ. ಬೆಳಿಗ್ಗೆ ಆರೂವರೆಗೆ ದಿಬ್ಬದ ಮೇಲೆ ನಾವಷ್ಟೇ. ಮರಳು ಫ್ರಿಜ್‌ನಿಂದ ತೆಗೆದ ಹಿಟ್ಟಿನ ಹಾಗೆ ತಣ್ಣಗಿತ್ತು. ಅದರ ಮೇಲೆ ಸಗಣಿ ಹುಳು ನಡೆದ ಗುರುತು, ಹೊಲಿಗೆ ಮಿಷನ್ ಓಡಿಸಿದಂತೆ ಸಾಲಾಗಿ. ಮಗಳು ಆ ಸಾಲನ್ನು ಹಿಂಬಾಲಿಸಿ ಹುಳವನ್ನೇ ಹಿಡಿದಳು. ಮರಳು ನೋಡಲೇಬೇಕಿದ್ದರೆ ಖೂರಿಗೆ ಹೋಗಿ, ಒಂದೇ ರಾತ್ರಿ ಇರಿ.

ಜೈಸಲ್ಮೇರ್‌ನ ನಿಜವಾದ ಬಲ ಊರಿನ ಒಳಗಿದೆ. ಕೋಟೆ ಕಟ್ಟಲು ಶುರುವಾಗಿದ್ದು 1156ರಲ್ಲಿ. ಇವತ್ತಿಗೂ ಒಳಗೆ ಜನ ಸಂಸಾರ ಮಾಡುತ್ತಿದ್ದಾರೆ. ಜೈನ ಬಸದಿಗಳ ಹಳದಿ ಕಲ್ಲಿನ ಕೆತ್ತನೆ ನೋಡಿ ಹೊರಗೆ ಬಂದರೆ ಗಲ್ಲಿಯಲ್ಲಿ ಬಟ್ಟೆ ಒಣಗುತ್ತಿರುತ್ತದೆ, ಬೈಕು ಹಾರ್ನ್ ಹೊಡೆಯುತ್ತದೆ. ಎಲ್ಲವೂ ನಡೆದೇ ನೋಡುವಷ್ಟು ಹತ್ತಿರ. ಒಂದು ಮಾತು: ರೂಮು ಕೋಟೆಯ ಹೊರಗೆ ಮಾಡಿ. ಕೊಳಾಯಿ ಇಲ್ಲದ ಕಾಲದಲ್ಲಿ ಕಟ್ಟಿದ ಕೋಟೆ ಅದು. ಈಗ ಬಳಸಿ ಬಿಟ್ಟ ನೀರು ಇಂಗಿ ತಳಪಾಯವನ್ನೇ ಸಡಿಲ ಮಾಡುತ್ತಿದೆ.

ಅಲ್ಲಿ ನನಗೆ ಹಿಡಿಸಿದ್ದು ಮಾತ್ರ ಯಾರೂ ನಿಂತು ನೋಡದ ಒಂದು ಹೊಲ. ಕುಲಧರಾ ಅಂತ ಪಾಳುಬಿದ್ದ ಊರಿದೆ, ಪಾಲಿವಾಲ್ ಬ್ರಾಹ್ಮಣರು ಬಿಟ್ಟುಹೋದದ್ದು. ಗೈಡ್ ದೆವ್ವದ ಕಥೆ ಶುರು ಮಾಡಿದ. ನಮ್ಮತ್ತೆ ಅವನನ್ನು ತಡೆದು, "ಅದಿರಲಿ, ಆ ಕಡೆ ಹಸಿರಾಗಿದೆಯಲ್ಲ, ಅದೇನು?" ಎಂದರು. ಅದು ಖಡೀನ್. ತಗ್ಗು ಜಾಗಕ್ಕೆ ಅಡ್ಡವಾಗಿ ಮಣ್ಣಿನ ಏರಿ ಹಾಕುತ್ತಾರೆ. ಮಳೆಗಾಲದಲ್ಲಿ ಸುತ್ತಲಿನ ಕಲ್ಲುನೆಲದ ನೀರೆಲ್ಲ ಬಂದು ನಿಲ್ಲುತ್ತದೆ. ಅದು ಇಂಗಿದ ಮೇಲೆ ಆ ತೇವದಲ್ಲೇ ಗೋಧಿ, ಕಡಲೆ ಬಿತ್ತುತ್ತಾರೆ. ವರ್ಷಕ್ಕೆ 200 ಮಿ.ಮೀ. ಆಸುಪಾಸು ಮಳೆ ಬೀಳುವ ಕಡೆ! ನಮ್ಮಲ್ಲಿ ಅದರ ಮೂರು ಪಟ್ಟಿಗೂ ಜಾಸ್ತಿ ಬೀಳುತ್ತದೆ, ಆದರೂ ಸಾವಿರ ಅಡಿ ಬೋರು ಕೊರೆಸುತ್ತೇವೆ. ಅತ್ತೆ ಏರಿಯ ಮೇಲೆ ನಡೆದು ನೋಡಿ ಬಂದರು. ದೆವ್ವದ ಕಥೆ ಅರ್ಧಕ್ಕೇ ನಿಂತಿತು.

ಬರುವಾಗ ಬಿಕಾನೇರ್‌ನಲ್ಲಿ ಒಂದು ದಿನ ಇದ್ದೆವು. ಜುನಾಗಢ ಕೋಟೆ ಚೆನ್ನಾಗಿದೆ. ದೇಶ್ನೋಕ್‌ನ ಕರ್ಣಿ ಮಾತಾ ಗುಡಿಯಲ್ಲಿ ಇಲಿಗಳು ಕಾಲ ಮೇಲೇ ಓಡಾಡುತ್ತವೆ. ಮಗಳು ಬಾಗಿಲಿನಿಂದಲೇ ಕೈ ಮುಗಿದಳು.

ಇನ್ನು ಕಛ್. ಅಹಮದಾಬಾದ್‌ವರೆಗೆ ವಿಮಾನ, ಅಲ್ಲಿಂದ ರಾತ್ರಿ ರೈಲು, ಬೆಳಿಗ್ಗೆ ಭುಜ್. ಇಲ್ಲಿ ಯಾವುದೂ ಪಕ್ಕಪಕ್ಕ ಇಲ್ಲ. ಬಿಳಿ ರಣ್ ಅನ್ನುವ ಉಪ್ಪಿನ ಬಯಲು ಉತ್ತರಕ್ಕೆ ಸುಮಾರು 80 ಕಿ.ಮೀ., ಮಾಂಡ್ವಿಯ ಸಮುದ್ರ ದಕ್ಷಿಣಕ್ಕೆ ಸುಮಾರು 60. ಕಾರು ಇಲ್ಲದೆ ಆಗುವುದಿಲ್ಲ. ಐದು ದಿನದ ಕಾರಿನ ಖರ್ಚು ಉಳಿದೆಲ್ಲ ಖರ್ಚನ್ನೂ ಮೀರಿತು. ಜೈಸಲ್ಮೇರ್‌ನಲ್ಲಿ ಆಟೋ, ಕಾಲು ಎರಡರಲ್ಲೇ ಮುಕ್ಕಾಲು ಪಾಲು ಮುಗಿದಿತ್ತು.

ಆದರೆ ಐದು ದಿನವೂ ಬೇರೆ ಬೇರೆ. ಒಂದು ದಿನ ಅಜ್ರಖ್‌ಪುರದಲ್ಲಿ ಬಟ್ಟೆಗೆ ಮರದ ಅಚ್ಚು ಒತ್ತುವುದು, ನಿರೋಣಾದಲ್ಲಿ ಹರಳೆಣ್ಣೆ ಕಾಯಿಸಿ ಮಾಡಿದ ಬಣ್ಣವನ್ನು ಎಳೆಎಳೆಯಾಗಿ ಬಟ್ಟೆಯ ಮೇಲೆ ಇಳಿಸುವ ರೋಗನ್. ಇನ್ನೊಂದು ದಿನ ಮಾಂಡ್ವಿಯಲ್ಲಿ ಮರದ ಹಡಗು ಕಟ್ಟುವವರು. ಅಲ್ಲೇ ಬನ್ನಿನೊಳಗೆ ಆಲೂಗಡ್ಡೆ ಪಲ್ಯ ತುಂಬಿದ ದಾಬೇಲಿ ತಿಂದೆವು, ಅದು ಹುಟ್ಟಿದ ಊರದು. ಬಂಗಾರಪೇಟೆ ಪಾನಿಪುರಿ ತಿಂದು ಬೆಳೆದ ನಾಲಿಗೆಗೆ ಸ್ವಲ್ಪ ಸಿಹಿ ಜಾಸ್ತಿ, ಆದರೂ ಎರಡೆರಡು ತಿಂದೆವು. ರಾತ್ರಿ ಉಳಿದದ್ದು ಭೂಂಗಾದಲ್ಲಿ. ಗುಂಡಗಿನ ಮಣ್ಣಿನ ಮನೆ, ಗೋಡೆ ತುಂಬ ಪುಟ್ಟ ಕನ್ನಡಿ. 2001ರ ಜನವರಿ 26ರ ಭೂಕಂಪದಲ್ಲಿ ಎಷ್ಟೋ ಸಿಮೆಂಟ್ ಕಟ್ಟಡ ಬಿದ್ದಾಗ ಇಂಥ ಗುಂಡನೆಯ ಮನೆಗಳು ತಡೆದುಕೊಂಡವಂತೆ. ಸಮ್‌ನ ಟೆಂಟಿಗಿಂತ ನೂರು ಪಾಲು ಬೆಚ್ಚಗಿತ್ತು.

ಬಿಳಿ ರಣ್‌ಗೆ ಪರ್ಮಿಟ್ ಬೇಕು, ಗುರುತಿನ ಚೀಟಿ ಮರೆಯಬೇಡಿ. ಮಳೆಗಾಲದಲ್ಲಿ ನೀರು ನಿಂತು, ಆಮೇಲೆ ಆರಿ ಉಪ್ಪಿನ ಹೊದಿಕೆ ಕಟ್ಟುತ್ತದೆ. ಬೇಗ ಹೋದರೆ ಕೆಸರು. ನಾವು ಹೋದದ್ದು ಜನವರಿ, ಗಟ್ಟಿಯಾಗಿತ್ತು. ಅತ್ತೆ ಚಪ್ಪಲಿ ಕೈಲಿ ಹಿಡಿದು ಬರಿಗಾಲಲ್ಲಿ ನಡೆದರು. ಹತ್ತು ಹೆಜ್ಜೆ ಆಗಿರಲಿಲ್ಲ, "ಅಯ್ಯಯ್ಯೋ" ಎಂದು ನಿಂತರು. ಚಳಿಗೆ ಒಡೆದ ಹಿಮ್ಮಡಿ, ಕೆಳಗೆ ಉಪ್ಪು! ನಮ್ಮ ಕುಡಿಯುವ ನೀರಿನ ಬಾಟಲಿ ಎರಡೂ ಅವರ ಕಾಲಿಗೇ ಆಯಿತು. ಆದರೂ ಒಂದು ಹರಳು ಎತ್ತಿ ನಾಲಿಗೆಗೆ ಇಟ್ಟುಕೊಂಡು, ಇನ್ನಷ್ಟು ಸೆರಗಿಗೆ ಕಟ್ಟಿಕೊಂಡರು.

ಧೋಲಾವೀರಾ ಇಲ್ಲದಿದ್ದರೆ ಎರಡೂ ಪ್ರವಾಸ ಸಮ ಅನ್ನುತ್ತಿದ್ದೆ. ಖಾವ್ಡಾ ಕಡೆಯಿಂದ ಹೋಗುವ ಹೊಸ ರಸ್ತೆ ಸುಮಾರು 30 ಕಿ.ಮೀ. ರಣ್ ಮಧ್ಯೆಯೇ ಸಾಗುತ್ತದೆ, ಎರಡೂ ಕಡೆ ಬಿಳುಪು. ತುದಿಯಲ್ಲಿ ಹರಪ್ಪ ಕಾಲದ ಊರು, 2021ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ್ದು. ಮಾನ್ಸರ್, ಮನ್ಹರ್ ಎಂಬ ಎರಡು ಮಳೆಹಳ್ಳಗಳಿಗೆ ಕಟ್ಟೆ ಹಾಕಿ, ನೀರನ್ನು ಒಂದಾದ ಮೇಲೊಂದು ಕೊಳಕ್ಕೆ ತಿರುಗಿಸಿದ್ದಾರೆ. ಒಂದು ಕೊಳ ಎರಡು ಮೂರು ಮಹಡಿ ಮನೆ ಮುಳುಗುವಷ್ಟು ಆಳ, ಮೆಟ್ಟಿಲು ಇನ್ನೂ ನೆಟ್ಟಗಿವೆ. ಸೈನೈಡ್ ದಿಬ್ಬದ ಮನುಷ್ಯ ಒಂದು ಗಂಟೆ ಬಾಯಿ ಬಿಡಲಿಲ್ಲ. ಆಮೇಲೆ, "ನಮ್ಮ ಕೆರೆಗೆ ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಬಿಡಬೇಕಾಯ್ತು, ಅಲ್ವಾ?" ಎಂದಷ್ಟೇ ಅಂದರು.

ನಾಲ್ಕು ದಿನ ಇದೆ, ಕಾರಿನ ತಲೆನೋವು ಬೇಡ ಅನ್ನುವವರಿಗೆ ಜೈಸಲ್ಮೇರ್. ಆರು ದಿನ ಇದ್ದು, ಮನೆಯಲ್ಲಿ ನಾಲ್ಕು ರುಚಿಯ ಜನ ಇದ್ದರೆ ಕಛ್. ನನ್ನ ಓಟು ಕಛ್‌ಗೆ. ಆದರೆ ಬೆಳದಿಂಗಳಲ್ಲಿ ರಣ್ ನೋಡಲು ಹುಣ್ಣಿಮೆ ಆಸುಪಾಸಿಗೆ ಬೇಕಾದರೆ ರೂಮು ಮೊದಲೇ ಹಿಡಿಯಿರಿ, ನಮಗೆ ಸಿಗಲಿಲ್ಲ.

ಅದೊಂದು ಅತ್ತೆಗೆ ಇನ್ನೂ ಕೊರಗು. ಮೊನ್ನೆ ಕ್ಯಾಲೆಂಡರ್ ತಿರುವಿ, "ಭಾರತ ಹುಣ್ಣಿಮೆಗೆ ಹೋಗೋಣ, ಅಷ್ಟರಲ್ಲಿ ಅವರೆಕಾಯೂ ಮುಗಿದಿರುತ್ತೆ" ಎಂದರು. ಹಿಮ್ಮಡಿಗೆ ಹಚ್ಚುವ ಮುಲಾಮು ಆಗಲೇ ತರಿಸಿಟ್ಟಿದ್ದಾರೆ.