ಅಜೂರ್ ರಿಸೋರ್ಸ್ ಗ್ರೂಪ್: ಒಂದೇ ಏಟಿಗೆ ಎಲ್ಲ ಅಳಿಸುವ ಸುಖ

ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆ ಅಜೂರ್‌ನಲ್ಲಿ ಯಾವ ಮಷಿನ್ ವೇಗ, ಯಾವ ಸ್ಟೋರೇಜ್ ಅಗ್ಗ ಅಂತ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ವರ್ಷಗಳಿಂದ ಬಳಸುತ್ತಿರುವ ನಾನು ಬರೆಯೋದು ಅಲ್ಲಿನ ಡಿಲೀಟ್ ಬಟನ್ ಬಗ್ಗೆ.

ನಾನು ಒಬ್ಬನೇ ಕೆಲಸ ಮಾಡುವವನು, ಬಿಲ್ ಕಟ್ಟೋದು ಸ್ವಂತ ಜೇಬಿನಿಂದ. ಹೊಸದೇನಾದರೂ ಪರೀಕ್ಷಿಸಬೇಕು ಅನ್ನಿಸಿದರೆ ಮೊದಲು ಖಾಲಿ ರಿಸೋರ್ಸ್ ಗ್ರೂಪ್ ಒಂದನ್ನು, ಅಂದರೆ ಒಂದು ಕೆಲಸದ ಸಾಮಾನುಗಳನ್ನೆಲ್ಲ (ರಿಸೋರ್ಸ್‌ಗಳನ್ನು) ಒಟ್ಟಿಗೆ ಇಡುವ ಡಬ್ಬಿಯೊಂದನ್ನು, ತೆರೆಯುತ್ತೇನೆ. ಮಷಿನ್, ಡೇಟಾಬೇಸ್, ನೆಟ್‌ವರ್ಕ್ ಎಲ್ಲ ಅದರೊಳಗೆ. ಸಂಜೆ ಆಟ ಮುಗಿದಾಗ ಆ ಗ್ರೂಪನ್ನೇ ಡಿಲೀಟ್ ಮಾಡೋದು. ಒಳಗೆ ಏನೇನಿದೆ ಅನ್ನೋ ಪಟ್ಟಿ ಬರುತ್ತೆ, ಗ್ರೂಪಿನ ಹೆಸರನ್ನು ಟೈಪ್ ಮಾಡಿ ಖಚಿತಪಡಿಸು ಅನ್ನುತ್ತೆ. ಕಾಪಿ-ಪೇಸ್ಟ್ ಮಾಡಬಹುದು, ನಾನು ಮಾಡಲ್ಲ. ಒಂದೊಂದೇ ಅಕ್ಷರ ಹೊಡೆಯುವಷ್ಟರಲ್ಲಿ ಕಣ್ಣು ಪಟ್ಟಿಯ ಮೇಲೆ ಇನ್ನೊಂದು ಸುತ್ತು ಹಾಕಿರುತ್ತೆ. ಕೆಲವು ನಿಮಿಷ ಬಿಟ್ಟು ಅಳಿಸಿ ಆಯಿತು ಅಂತ ನೋಟಿಫಿಕೇಶನ್ ಬಂದರೆ ಲ್ಯಾಪ್‌ಟಾಪ್ ಮುಚ್ಚಬಹುದು.

ಇದರ ಬೆಲೆ ಗೊತ್ತಾಗೋದು ಬಿಡಿಬಿಡಿಯಾಗಿ ಅಳಿಸಲು ಹೋದಾಗ. ವರ್ಚುವಲ್ ಮಷಿನ್ ಹೋದರೂ ಅದರ ಡಿಸ್ಕು, ಪಬ್ಲಿಕ್ ಐಪಿ (ಇಂಟರ್ನೆಟ್ ವಿಳಾಸ) ಹಿಂದೆ ಉಳಿದು ಬಿಲ್ ಏರಿಸುತ್ತಾ ಇರಬಹುದು. ಗ್ರೂಪನ್ನೇ ತೆಗೆದರೆ ಬೇರುಸಮೇತ ಹೋಯಿತು. ತಿಂಗಳ ಖರ್ಚನ್ನೂ ಗ್ರೂಪ್‌ವಾರು ನೋಡಬಹುದು, ಪ್ರತಿ ಗ್ರೂಪಿಗೂ ಬಜೆಟ್ ಇಡಬಹುದು. ಆದರೆ ಬಜೆಟ್ ಮೀರಿದರೆ ಬರೋದು ಎಚ್ಚರಿಕೆ ಮಾತ್ರ, ಮೀಟರ್ ತಾನಾಗಿ ನಿಲ್ಲಲ್ಲ.

ಮೇಲಿನ ಅಂತಸ್ತುಗಳು ನನ್ನಂಥವರಿಗೆ ಅಷ್ಟಾಗಿ ಬೇಕಿಲ್ಲ. ಗ್ರೂಪಿನ ಮೇಲೆ ಸಬ್‌ಸ್ಕ್ರಿಪ್ಷನ್ (ಬಿಲ್ ಬರುವ ಖಾತೆ), ಅದರ ಮೇಲೆ ಸಬ್‌ಸ್ಕ್ರಿಪ್ಷನ್‌ಗಳನ್ನು ಒಟ್ಟು ಮಾಡುವ ಮ್ಯಾನೇಜ್‌ಮೆಂಟ್ ಗ್ರೂಪ್. ಎಲ್ಲಕ್ಕೂ ಮೇಲಿನ ರೂಟ್ ಬಿಟ್ಟು 6 ಹಂತದವರೆಗೆ ಈ ಮ್ಯಾನೇಜ್‌ಮೆಂಟ್ ಗ್ರೂಪುಗಳನ್ನು ಒಂದರೊಳಗೊಂದು ಪೇರಿಸಬಹುದು. ದೊಡ್ಡ ಕಂಪನಿಗಳ ಗೋಳು ಅದು. ರಿಸೋರ್ಸ್ ಗ್ರೂಪಿನೊಳಗೆ ಮಾತ್ರ ಇನ್ನೊಂದು ಗ್ರೂಪ್ ಇಡುವಂತಿಲ್ಲ, ಒಂದು ರಿಸೋರ್ಸ್ ಎರಡು ಗ್ರೂಪಿನಲ್ಲಿ ಇರುವಂತೆಯೂ ಇಲ್ಲ. ಈ ಬಿಗಿ ನನಗೆ ಇಷ್ಟ. ಯಾವುದು ಎಲ್ಲಿದೆ ಅಂತ ಹುಡುಕುವ ತಾಪತ್ರಯವೇ ಇರಲ್ಲ. (ನೆಟ್‌ವರ್ಕ್ ಮಾಡಿದ ಕೂಡಲೇ ಕೇಳದೆಯೇ ಹುಟ್ಟಿಕೊಳ್ಳುವ 'ನೆಟ್‌ವರ್ಕ್‌ವಾಚರ್‌ಆರ್‌ಜಿ' ಎಂಬ ಅತಿಥಿ ಗ್ರೂಪನ್ನು ಲೆಕ್ಕಕ್ಕೆ ಹಿಡಿಯಬೇಡಿ.)

ಇನ್ನು ಹೊಗಳಲಾಗದ ಭಾಗ. ಗ್ರೂಪಿಗೆ ಕೊಟ್ಟ ಅನುಮತಿ ಒಳಗಿನ ಎಲ್ಲದಕ್ಕೂ ಇಳಿಯುತ್ತೆ, ಹಾಕಿದ ಲಾಕ್ (ಅಳಿಸದಂತೆ, ಬದಲಿಸದಂತೆ ತಡೆಯುವ ಬೀಗ) ಇಳಿಯುತ್ತೆ, ಟ್ಯಾಗ್ (ಗುರುತಿನ ಚೀಟಿ) ಮಾತ್ರ ಇಳಿಯಲ್ಲ! 'ಈ ಪ್ರಾಜೆಕ್ಟಿನದು' ಅಂತ ಗ್ರೂಪಿಗೆ ಟ್ಯಾಗ್ ಹಚ್ಚಿದರೂ ಒಳಗಿನ ಡಿಸ್ಕಿಗೆ ಅದರ ಸುಳಿವೇ ಇಲ್ಲ. ಅದಕ್ಕೆಂದೇ ಬೇರೆ ಪಾಲಿಸಿ (ಅಜೂರ್ ತಾನೇ ಜಾರಿ ಮಾಡುವ ನಿಯಮ) ಹಚ್ಚಬೇಕು. ಇಷ್ಟು ಸಣ್ಣ ಆಸೆಗೆ ಅಷ್ಟು ದೊಡ್ಡ ಏರ್ಪಾಡು ಯಾಕೋ.

ಹೆಸರಿನ ವಿಷಯ ಇನ್ನೂ ಕಿರಿಕಿರಿ. ಒಮ್ಮೆ ಇಟ್ಟ ಗ್ರೂಪಿನ ಹೆಸರು ಬದಲಾಗಲ್ಲ. ಹೊಸ ಗ್ರೂಪ್ ಮಾಡಿ ಎಲ್ಲವನ್ನೂ ಅಲ್ಲಿಗೆ ಸಾಗಿಸಬೇಕು, ಕೆಲವು ಬಗೆಯ ರಿಸೋರ್ಸ್‌ಗಳು ಸಾಗೋದೇ ಇಲ್ಲ. ಸಾಗಿಸುವಾಗ ಮಷಿನ್‌ಗಳು ಓಡುತ್ತಲೇ ಇರುತ್ತವೆ, ಆದರೆ ಎರಡೂ ಗ್ರೂಪುಗಳಿಗೆ ಬೀಗ. ಅದು 4 ಗಂಟೆವರೆಗೂ ಇರಬಹುದು, ಅಲ್ಲಿಯವರೆಗೆ ಸೇರಿಸೋದು, ಅಳಿಸೋದು ಯಾವುದೂ ಇಲ್ಲ. ಪ್ರತಿ ರಿಸೋರ್ಸಿನ ಪೂರ್ತಿ ವಿಳಾಸವಾದ ರಿಸೋರ್ಸ್ ಐಡಿಯಲ್ಲೇ ಗ್ರೂಪಿನ ಹೆಸರು ಇರೋದರಿಂದ ಹಳೇ ಐಡಿ ನಂಬಿದ ಸ್ಕ್ರಿಪ್ಟ್‌ಗಳನ್ನೆಲ್ಲ ತಿದ್ದಬೇಕು. ಹಾಗಾಗಿ ಹೆಸರಿಡುವಾಗ ಕ್ಲೈಂಟಿನ ಹೆಸರನ್ನು ಸೇರಿಸುವ ಚಾಳಿ ಬಿಟ್ಟಿದ್ದೇನೆ. ಕ್ಲೈಂಟ್‌ಗಳು ಕಂಪನಿಯ ಹೆಸರನ್ನೇ ಬದಲಿಸುತ್ತಾರೆ.

ನಿಜವಾದ ಗ್ರಾಹಕರು ಬಳಸುವ ಗ್ರೂಪುಗಳಿಗೆ ನಾನು ಡಿಲೀಟ್ ಲಾಕ್ ಹಾಕಿಡುತ್ತೇನೆ. ಒಳಗಿನ ಒಂದೇ ರಿಸೋರ್ಸಿಗೆ ಲಾಕ್ ಇದ್ದರೂ ಸಾಕು, ಇಡೀ ಗ್ರೂಪಿನ ಡಿಲೀಟ್ ನಿಂತುಹೋಗುತ್ತೆ. ಅರ್ಧ ಅಳಿಸಿ ಅರ್ಧ ಬಿಡುವ ಅವಾಂತರ ಆಗಲ್ಲ. ಆದರೆ ಈ ಲಾಕ್ ಕಾಯೋದು ಸ್ಟೋರೇಜ್ ಅಕೌಂಟನ್ನು, ಅದರೊಳಗಿನ ಫೈಲುಗಳನ್ನಲ್ಲ. ಅವುಗಳಿಗೆ ಸಾಫ್ಟ್ ಡಿಲೀಟ್ (ಅಳಿಸಿದ್ದನ್ನು ಸ್ವಲ್ಪ ಕಾಲ ಉಳಿಸಿಡುವ ಸೌಲಭ್ಯ) ಆನ್ ಇದೆಯಾ ಅಂತ ಬೇರೆಯೇ ನೋಡಿಕೊಳ್ಳಬೇಕು.