ಹಿರಿಯರ ಆಂಟಿಬಾಡಿ ಪರೀಕ್ಷೆ: ಸೇವೆ ಅಚ್ಚುಕಟ್ಟು, ವರದಿಯ ಮಾತು ಅಪಾಯಕಾರಿ

76 ವರ್ಷದ ನಮ್ಮ ತಾಯಿಯವರಿಗೆ ಈಚೆಗೆ ಒಂದು ಖಾಸಗಿ ಲ್ಯಾಬಿನಲ್ಲಿ ಆಂಟಿಬಾಡಿ ಪರೀಕ್ಷೆ ಮಾಡಿಸಿದೆವು. ಕೊರೊನಾ, ಇನ್‌ಫ್ಲುಯೆಂಜಾ (ಫ್ಲೂ) ಮತ್ತು ಉಸಿರಾಟದ ಸೋಂಕು ತರುವ ಆರ್‌ಎಸ್‌ವಿ ಎಂಬ ಮೂರು ವೈರಸ್‌ಗಳ ವಿರುದ್ಧ ರಕ್ತದಲ್ಲಿರುವ ಐಜಿಜಿ ಎಂಬ ಬಗೆಯ ಪ್ರತಿಕಾಯಗಳನ್ನು (ಆಂಟಿಬಾಡಿಗಳನ್ನು) ಅಳೆದು, ಹಿರಿಯರಿಗೆಂದೇ ವರದಿ ಕೊಡುವ ಸೇವೆ ಇದು. ಮನೆಗೆ ಬಂದು ರಕ್ತ ತೆಗೆದ ಸಿಬ್ಬಂದಿಯ ಬಗ್ಗೆ ಒಳ್ಳೆಯ ಮಾತುಗಳಷ್ಟೇ ಇವೆ: ವಯಸ್ಸಾದವರ ಕೈಯಲ್ಲಿ ನರ ಹುಡುಕಲು ಅವರು ಆತುರಪಡಲಿಲ್ಲ, ಒಂದೇ ಚುಚ್ಚಿಗೆ ಕೆಲಸ ಮುಗಿಸಿದರು, ಹೇಳಿದ ದಿನಕ್ಕೆ ವರದಿಯೂ ಬಂತು. ತೊಂದರೆ ಇರುವುದು ಆ ವರದಿಯಲ್ಲಿ. ಮೂರೂ ಸಾಲುಗಳ ಎದುರಿಗೆ ಹಸಿರು ಬಣ್ಣದಲ್ಲಿ ‘ಪಾಸಿಟಿವ್’ ಎಂದು ಬರೆದು, ಕೆಳಗೆ ‘ರೋಗನಿರೋಧಕ ಶಕ್ತಿ ಇದೆ’ ಎಂದು ಅಚ್ಚು ಮಾಡಿದ್ದರು. ಅದನ್ನು ಓದಿದ ತಾಯಿಯವರು, ‘ಹಾಗಿದ್ದರೆ ಈ ವರ್ಷ ಫ್ಲೂ ಲಸಿಕೆ ಬೇಡ ಬಿಡು’ ಎಂದರು. ನಾನು ಈ ವಿಮರ್ಶೆ ಬರೆಯಲು ಆ ಒಂದು ಮಾತೇ ಕಾರಣ.

ಮೂರರಲ್ಲಿ ಆರ್‌ಎಸ್‌ವಿ ಸಾಲು ಎಲ್ಲಕ್ಕಿಂತ ನಿರರ್ಥಕವಾದದ್ದು. ಎರಡು ವರ್ಷ ತುಂಬುವಷ್ಟರಲ್ಲಿ ಬಹುತೇಕ ಎಲ್ಲ ಮಕ್ಕಳಿಗೂ ತಗುಲುವ ಈ ವೈರಸ್ ಆಮೇಲೆ ಜೀವನವಿಡೀ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಹಾಗಾಗಿ 70 ದಾಟಿದ ಯಾರ ರಕ್ತವನ್ನು ನೋಡಿದರೂ ಈ ಪ್ರತಿಕಾಯ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಆರ್‌ಎಸ್‌ವಿಯಿಂದ ನ್ಯುಮೋನಿಯಾ ಬಂದು ಆಸ್ಪತ್ರೆ ಸೇರುವ ಹಿರಿಯರ ರಕ್ತದಲ್ಲಿಯೂ ಅದು ಇರುತ್ತದೆ. ಇಲ್ಲಿ ಮುಖ್ಯವಾದದ್ದು ಪ್ರತಿಕಾಯ ವೈರಸ್ಸಿನ ಯಾವ ಭಾಗವನ್ನು ಹಿಡಿಯುತ್ತದೆ ಎಂಬುದು. ವೈರಸ್ಸಿನ ಮೇಲ್ಮೈಯಲ್ಲಿರುವ ಎಫ್ ಪ್ರೋಟೀನು ಜೀವಕೋಶದೊಳಗೆ ನುಗ್ಗುವ ಮೊದಲು ಒಂದು ಆಕಾರದಲ್ಲಿಯೂ ನುಗ್ಗಿದ ಮೇಲೆ ಇನ್ನೊಂದು ಆಕಾರದಲ್ಲಿಯೂ ಇರುತ್ತದೆ, ಮತ್ತು ವೈರಸ್ಸನ್ನು ಬಲವಾಗಿ ತಡೆಯುವ ಪ್ರತಿಕಾಯಗಳಲ್ಲಿ ಹೆಚ್ಚಿನವು ಮೊದಲ ಆಕಾರಕ್ಕೇ ಅಂಟಿಕೊಳ್ಳುತ್ತವೆ. ಈ ಮೊದಲ ಆಕಾರದ ರಚನೆ ಸ್ಪಷ್ಟವಾದದ್ದು 2013ರಲ್ಲಿ. ಅದನ್ನೇ ಸ್ಥಿರಗೊಳಿಸಿ ತಯಾರಿಸಿದ ಲಸಿಕೆಗಳಿಗೆ 60 ದಾಟಿದವರಲ್ಲಿ ಬಳಸಲು ಅಮೆರಿಕದಲ್ಲಿ 2023ರ ಮೇ ತಿಂಗಳಲ್ಲಿ ಅನುಮತಿ ಸಿಕ್ಕಿತು. ನಮ್ಮ ವರದಿಯಲ್ಲಿ ಅಳೆದದ್ದು ಯಾವ ಪ್ರೋಟೀನಿನ ವಿರುದ್ಧದ ಪ್ರತಿಕಾಯ ಎಂಬ ಮಾಹಿತಿಯೇ ಇಲ್ಲ.

ಪ್ರತಿಕಾಯ ಇದ್ದ ಮಾತ್ರಕ್ಕೆ ರಕ್ಷಣೆ ಇದೆ ಎಂದುಕೊಂಡರೆ ಏನಾಗಬಹುದು ಎಂಬುದಕ್ಕೆ ಇದೇ ವೈರಸ್ಸಿನ ಇತಿಹಾಸದಲ್ಲಿ ನೋವಿನ ಉದಾಹರಣೆಯಿದೆ. 1960ರ ದಶಕದಲ್ಲಿ ಫಾರ್ಮಲಿನ್ ಎಂಬ ರಾಸಾಯನಿಕದಿಂದ ನಿಷ್ಕ್ರಿಯಗೊಳಿಸಿದ ಆರ್‌ಎಸ್‌ವಿ ಲಸಿಕೆಯನ್ನು ಶಿಶುಗಳಿಗೆ ಕೊಟ್ಟು ನೋಡಿದಾಗ ಅವರ ರಕ್ತದಲ್ಲಿ ಪ್ರತಿಕಾಯಗಳು ಧಾರಾಳವಾಗಿ ಹುಟ್ಟಿದವು, ಆದರೆ ವೈರಸ್ಸನ್ನು ತಡೆಯುವ ಶಕ್ತಿ ಅವುಗಳಿಗೆ ಸಾಲದಾಯಿತು; ಆಮೇಲೆ ಸೋಂಕು ತಗುಲಿದಾಗ ಲಸಿಕೆ ಪಡೆದ ಮಕ್ಕಳಲ್ಲೇ ಕಾಯಿಲೆ ಉಲ್ಬಣಿಸಿ, ಇಬ್ಬರು ಮಕ್ಕಳು ತೀರಿಕೊಂಡರು. ಅದು ಶಿಶುಗಳ ಕಥೆ, ಹಿರಿಯರದ್ದಲ್ಲ. ಆದರೂ ಪ್ರತಿಕಾಯದ ಪ್ರಮಾಣವನ್ನಷ್ಟೇ ನೋಡಿ ಹಸಿರು ಬಣ್ಣ ಬಳಿಯುವವರು ಇದನ್ನು ತಿಳಿದಿರಬೇಕು.

ಇನ್‌ಫ್ಲುಯೆಂಜಾದ ವಿಷಯದಲ್ಲಿ ವಯಸ್ಸು ಒಮ್ಮೊಮ್ಮೆ ವರವೂ ಹೌದು. 1915ರಲ್ಲಿ ಅಥವಾ ಅದಕ್ಕೂ ಮೊದಲು ಹುಟ್ಟಿದ 32 ಮಂದಿಯ ರಕ್ತವನ್ನು ಪರೀಕ್ಷಿಸಿದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, 1918ರ ಫ್ಲೂ ಮಹಾಮಾರಿಯ ವೈರಸ್ಸನ್ನು ಗುರುತಿಸುವ ಪ್ರತಿಕಾಯಗಳು ಸುಮಾರು 90 ವರ್ಷಗಳ ನಂತರವೂ ಅವರೆಲ್ಲರಲ್ಲಿ ಉಳಿದಿದ್ದವು. ಇದನ್ನು ಮೊದಲು ಓದಿದಾಗ ನನಗಾದ ಬೆರಗು ಇನ್ನೂ ಇಳಿದಿಲ್ಲ. ಆದರೆ ಹಳೆಯ ನೆನಪು ಗಟ್ಟಿಯಾಗಿರುವ ದೇಹವೇ ಹೊಸದನ್ನು ಕಲಿಯಲು ತಡವರಿಸುತ್ತದೆ: ವಯಸ್ಸಾದಂತೆ ಎದೆಯೊಳಗಿನ ಥೈಮಸ್ ಗ್ರಂಥಿ ಕುಗ್ಗಿ, ಸೋಂಕಿನ ವಿರುದ್ಧ ಹೋರಾಡುವ ಹೊಸ ಟಿ ಜೀವಕೋಶಗಳು ಕಡಿಮೆಯಾಗುತ್ತವೆ, ಪ್ರತಿಕಾಯ ತಯಾರಿಸುವ ಬಿ ಜೀವಕೋಶಗಳು ಅದನ್ನು ತಿದ್ದಿ ತೀಡಿ ಹರಿತಗೊಳಿಸುವ ದುಗ್ಧರಸ ಗ್ರಂಥಿಯೊಳಗಿನ ಕೆಲಸವೂ ನಿಧಾನವಾಗುತ್ತದೆ. ಈ ಕಾರಣಕ್ಕಾಗಿಯೇ 65 ದಾಟಿದವರಿಗೆಂದು ರೂಪಿಸಿದ ಹೆಚ್ಚಿನ ಪ್ರಮಾಣದ ಫ್ಲೂ ಲಸಿಕೆಯಲ್ಲಿ ಪ್ರತಿ ತಳಿಗೆ 15ರ ಬದಲು 60 ಮೈಕ್ರೊಗ್ರಾಂ ಪ್ರೋಟೀನು ಇರುತ್ತದೆ; 2014ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅದು ಸಾಧಾರಣ ಲಸಿಕೆಗಿಂತ ಶೇ. 24ರಷ್ಟು ಹೆಚ್ಚು ಪರಿಣಾಮಕಾರಿಯಾಗಿ ಕಂಡಿತು. ಫ್ಲೂ ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ, ಹೋದ ವರ್ಷಗಳ ತಳಿಯ ವಿರುದ್ಧ ಹುಟ್ಟಿದ ಪ್ರತಿಕಾಯವನ್ನು ತೋರಿಸುವ ‘ಇನ್‌ಫ್ಲುಯೆಂಜಾ ಎ ಪಾಸಿಟಿವ್’ ಎಂಬ ಸಾಲು ಈ ವರ್ಷದ ಲಸಿಕೆ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಉತ್ತರವೇ ಅಲ್ಲ.

ಕೊರೊನಾ ಸಾಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಲ್ಯಾಬುಗಳ ಅಳತೆಗಳನ್ನು ಹೋಲಿಸಲು ವಿಶ್ವ ಆರೋಗ್ಯ ಸಂಸ್ಥೆ 2020ರ ಡಿಸೆಂಬರಿನಲ್ಲೇ ಅಂತರರಾಷ್ಟ್ರೀಯ ಮಾನದಂಡವೊಂದನ್ನು ಒದಗಿಸಿದ್ದರೂ, ನಮ್ಮ ವರದಿಯ ಸಂಖ್ಯೆ ಲ್ಯಾಬಿನ ಸ್ವಂತ ಏಕಮಾನದಲ್ಲಿತ್ತು. ಲಸಿಕೆ ಪಡೆದ ಮೇಲೆ ರಕ್ಷಣೆಯ ಮಟ್ಟ ತಿಳಿಯಲು ಆಂಟಿಬಾಡಿ ಪರೀಕ್ಷೆಯ ಫಲಿತಾಂಶವನ್ನು ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರ ಮೇ ತಿಂಗಳಲ್ಲೇ ಸಲಹೆ ನೀಡಿತ್ತು.

ಇನ್ನು ಎರಡು ಕೊರತೆಗಳು. ಈ ವೈರಸ್‌ಗಳು ಒಳಬರುವುದು ಮೂಗು ಗಂಟಲುಗಳ ಮೂಲಕ. ಅಲ್ಲಿ ಕಾವಲಿರುವ ಐಜಿಎ ಎಂಬ ಇನ್ನೊಂದು ಬಗೆಯ ಪ್ರತಿಕಾಯದ ಸ್ಥಿತಿಯನ್ನು ತೋಳಿನಿಂದ ತೆಗೆದ ರಕ್ತದ ಐಜಿಜಿ ಹೇಳಲಾರದು. ಎರಡನೆಯದು, ಮಾದರಿ ತೆಗೆಯುವಾಗ ತುಂಬಿಸಿಕೊಂಡ ಅರ್ಜಿಯಲ್ಲಿ ಕೊನೆಯ ಲಸಿಕೆ ಯಾವಾಗ ಹಾಕಿಸಿದಿರಿ, ಕೊನೆಯ ಸೋಂಕು ಯಾವಾಗ ಬಂದಿತ್ತು ಎಂದು ಕೇಳಿರಲಿಲ್ಲ. ಲಸಿಕೆ ಅಥವಾ ಸೋಂಕಿನ ನಂತರ ಏರಿ ಕ್ರಮೇಣ ಇಳಿಯುವ ಸಂಖ್ಯೆಯನ್ನು ದಿನಾಂಕವಿಲ್ಲದೆ ಅರ್ಥಮಾಡಿಕೊಳ್ಳುವುದು ಸಾಧ್ಯವಿಲ್ಲ.

ಇಂಥ ಪರೀಕ್ಷೆ ಯಾರಿಗೂ ಬೇಡ ಎಂದು ನಾನು ಹೇಳುತ್ತಿಲ್ಲ. ಅಂಗಾಂಗ ಕಸಿ ಆದವರು ಅಥವಾ ಬಿ ಜೀವಕೋಶಗಳನ್ನು ಕುಗ್ಗಿಸುವ ಔಷಧ ಪಡೆಯುತ್ತಿರುವವರು ಲಸಿಕೆಗೆ ಸ್ಪಂದಿಸಿದ್ದಾರೆಯೇ ಎಂದು ತಜ್ಞ ವೈದ್ಯರು ನೋಡಬಯಸಿದಾಗ ಇದಕ್ಕೆ ಬೆಲೆಯಿದೆ. ತಾನಾಗಿ ಹೋಗಿ ಮಾಡಿಸಿಕೊಳ್ಳುವ ಆರೋಗ್ಯವಂತ ಹಿರಿಯರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ.

ವೈದ್ಯರು ವರದಿ ನೋಡಿ, ಅದನ್ನು ಬದಿಗಿಟ್ಟು, ತಾಯಿಯವರಿಗೆ ತಾಳ್ಮೆಯಿಂದ ವಿವರಿಸಿದ ಮೇಲೆ ಅವರು ಫ್ಲೂ ಲಸಿಕೆ ಹಾಕಿಸಿಕೊಂಡರು. ಲ್ಯಾಬಿಗೆ ನಾನು ಪತ್ರ ಬರೆದು ಎರಡು ಬದಲಾವಣೆಗಳನ್ನು ಕೋರಿದ್ದೇನೆ: ಅರ್ಜಿಯಲ್ಲಿ ಕೊನೆಯ ಲಸಿಕೆ ಮತ್ತು ಸೋಂಕಿನ ದಿನಾಂಕಕ್ಕೆ ಜಾಗ ಬಿಡಬೇಕು, ಮತ್ತು ‘ರೋಗನಿರೋಧಕ ಶಕ್ತಿ ಇದೆ’ ಎಂಬ ವಾಕ್ಯವನ್ನು ತೆಗೆದು, ಅಷ್ಟೇ ದಪ್ಪ ಅಕ್ಷರಗಳಲ್ಲಿ, ‘ಪ್ರತಿಕಾಯ ಪತ್ತೆಯಾಗಿದೆ, ಲಸಿಕೆ ಬೇಕೇ ಬೇಡವೇ ಎಂಬುದನ್ನು ಇದರಿಂದ ತೀರ್ಮಾನಿಸಬೇಡಿ’ ಎಂದು ಅಚ್ಚು ಮಾಡಬೇಕು.