ಮಗ್ಗುಲು ನಿಲ್ಲಿಸುವ ದಿಂಬು: ರೆಕ್ಸಿನ್ ವೆಡ್ಜ್, ಕೌದಿ, ಕೊಯ್ಯಿಸಿದ ಫೋಮ್

ಮೊದಲೇ ಹೇಳಿಬಿಡುತ್ತೇನೆ. ಹಾಸಿಗೆ ಹಿಡಿದ ಹಿರಿಯರಿಗೆ ನನ್ನ ಆಯ್ಕೆ ಫೋಮ್ ಅಂಗಡಿಯಲ್ಲಿ ಅಳತೆ ಕೊಟ್ಟು ಕೊಯ್ಯಿಸಿದ ಎರಡು ಗಿಡ್ಡ ವೆಡ್ಜ್ (ಒಂದು ಅಂಚು ತೆಳು, ಎದುರು ಅಂಚು ದಪ್ಪ ಇರುವ ಇಳಿಜಾರು ದಿಂಬು), ಮನೆಯಲ್ಲಿರುವ ಒಂದು ಕೌದಿ, ಕಾಲಿನ ನಡುವೆ ಇಡಲು ಒಂದು ಮೆತ್ತನೆಯ ಫೈಬರ್ ದಿಂಬು. ಸರ್ಜಿಕಲ್ ಅಂಗಡಿಯಲ್ಲಿ ಸಿಗುವ ರೆಕ್ಸಿನ್ ಹೊದಿಸಿದ ಉದ್ದನೆಯ ವೆಡ್ಜ್‌ಗೆ ಕೊಟ್ಟ ದುಡ್ಡು ದಂಡ. ಅದು ಈಗ ಮಂಚದ ಕೆಳಗಿದೆ.

ದಿಂಬಿನಿಂದ ಏನು ಆಗಬೇಕು ಎನ್ನುವುದು ಸ್ಪಷ್ಟವಿದ್ದರೆ ಅರ್ಧ ಗೊಂದಲ ಹೋಗುತ್ತದೆ. ಮಗ್ಗುಲು ಬದಲಿಸುವುದೆಂದರೆ ಪೂರ್ತಿ ಪಕ್ಕಕ್ಕೆ ತಿರುಗಿಸುವುದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗೆ 90 ಡಿಗ್ರಿ ತಿರುಗಿಸಿದರೆ ಮೈಭಾರವೆಲ್ಲ ತೊಡೆಯ ಪಕ್ಕದ ಮೂಳೆಗಂಟಿನ ಮೇಲೆ ಬೀಳುತ್ತದೆ. ಅಲ್ಲಿ ಚರ್ಮಕ್ಕೂ ಮೂಳೆಗೂ ನಡುವೆ ಮಾಂಸ ಕಡಿಮೆ, ಬಡಕಲು ಮೈಯವರಲ್ಲಂತೂ ಇಲ್ಲವೇ ಇಲ್ಲ. ಬೇಕಾದದ್ದು 30 ಡಿಗ್ರಿಯ ಓರೆ. ಬೆನ್ನಿನ ಬುಡದ ಮೂಳೆ ಹಾಸಿಗೆಯಿಂದ ಬಿಡುಗಡೆಯಾಗಬೇಕು, ಪಕ್ಕದ ಮೂಳೆಗಂಟು ಇನ್ನೂ ಹಾಸಿಗೆಗೆ ತಾಗಿರಬಾರದು, ಭಾರ ಪೃಷ್ಠದ ದಪ್ಪ ಮಾಂಸದ ಮೇಲೆ ಕೂರಬೇಕು. ಬೆಡ್‌ಸೋರ್, ಅಂದರೆ ಮಲಗಿದಲ್ಲೇ ಒತ್ತಿ ಆಗುವ ಹುಣ್ಣು, ಅದರ ತಡೆಯ ಬಗ್ಗೆ 2019ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ 90ಕ್ಕಿಂತ 30 ಡಿಗ್ರಿಯ ಮಗ್ಗುಲೇ ಮೇಲು ಎನ್ನುತ್ತದೆ. ಈ ಓರೆ ಮುಂದಿನ ಸಲ ಹೊರಳಿಸುವವರೆಗೆ, ಅಂದರೆ ಸುಮಾರು ಎರಡು ಗಂಟೆ, ಅಲುಗದೆ ನಿಲ್ಲಬೇಕು. ಕೊಳ್ಳುವಾಗ ನೋಡಬೇಕಾದದ್ದು ಇದೊಂದನ್ನೇ.

ರೆಕ್ಸಿನ್ ವೆಡ್ಜ್ ಸೋಲುವುದು ಇಲ್ಲಿಯೇ. ನೋಡಲು ಗಟ್ಟಿಮುಟ್ಟು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸ್ವಚ್ಛ, ಅಂಗಡಿಯವರು ಕೋನದ ಚೀಟಿ ಅಂಟಿಸಿ ಕೊಡುತ್ತಾರೆ. ಮನೆಗೆ ತಂದು ಬೆನ್ನಿನ ಹಿಂದೆ ಸೇರಿಸಿ, ಹೊದಿಕೆ ಸರಿಮಾಡಿ, ಅನ್ನಕ್ಕಿಟ್ಟು ಬರುವಷ್ಟರಲ್ಲಿ ಅದು ನಾಲ್ಕು ಬೆರಳು ಹಿಂದೆ ಸರಿದಿರುತ್ತದೆ. ಅರ್ಧ ಗಂಟೆಗೆ ಮಂಚದ ಕಂಬಿಗೆ ತಾಗಿ ನಿಂತಿರುತ್ತದೆ, ಮಲಗಿದವರು ಮತ್ತೆ ಅಂಗಾತ. ಹೊದಿಕೆಯ ಮೇಲಿಂದ ನೋಡಿದರೆ ಗೊತ್ತೇ ಆಗುವುದಿಲ್ಲ, ಮುಖ ಇನ್ನೂ ಕಿಟಕಿಯ ಕಡೆಗೇ ಇರುತ್ತದೆ. ಕೈ ಹಾಕಿ ನೋಡಿದರೆ ಮಾತ್ರ ಬೆನ್ನಿನ ಬುಡ ಹಾಸಿಗೆಗೆ ಒತ್ತಿ ಕೂತಿರುವುದು ತಿಳಿಯುತ್ತದೆ.

ಕಾರಣ ಸರಳ. ವೆಡ್ಜ್‌ನ ತಳವೂ ರೆಕ್ಸಿನ್, ಮೂತ್ರಕ್ಕೆಂದು ಹಾಸಿಗೆಯ ಮೇಲೆ ಹಾಸಿದ ಶೀಟೂ ರೆಕ್ಸಿನ್. ನಡುವೆ ಒಂದು ತೆಳು ಬೆಡ್‌ಶೀಟ್ ಇದ್ದರೂ ನುಣುಪು ನುಣುಪಿನ ಮೇಲೆ ಜಾರಲೇಬೇಕು. ಇದಕ್ಕೆ ಮದ್ದೆಂದು ಡ್ರಾಯರ್ ಒಳಗೆ, ಚಾಪೆಯ ಕೆಳಗೆ ಹಾಸುವ ರಬ್ಬರ್ ಜಾಲರಿಯ ಮ್ಯಾಟ್ ಕತ್ತರಿಸಿ ವೆಡ್ಜ್‌ನ ತಳಕ್ಕೆ ಕೊಡಬಹುದು. ತಳ ನಿಲ್ಲುತ್ತದೆ, ಸುಳ್ಳಲ್ಲ. ಆದರೆ ಕೆಳಗಿನ ಜಾರು ನಿಂತ ಕೂಡಲೇ ಮೇಲಿನ ಜಾರು ಶುರು. ಈಗ ವೆಡ್ಜ್ ಇದ್ದಲ್ಲೇ ಇರುತ್ತದೆ, ಮೈ ಅದರ ಇಳಿಜಾರಿನಿಂದ ಮುಂದಕ್ಕೆ ಇಳಿಯುತ್ತದೆ. ಇದು ಮೊದಲನೆಯದಕ್ಕಿಂತ ಕೆಟ್ಟದ್ದು. ಬೆವರಿದ ಚರ್ಮ ಬಟ್ಟೆಗೆ ಅಂಟಿ ನಿಲ್ಲುತ್ತದೆ, ಮೂಳೆ ಒಳಗಿನ ಮಾಂಸವನ್ನು ಎಳೆದುಕೊಂಡು ಕೆಳಗೆ ಸರಿಯುತ್ತದೆ. ಆ ಎಳೆತಕ್ಕೆ ಸಣ್ಣ ರಕ್ತನಾಳಗಳು ಎಳೆದಂತಾಗಿ ಮುಚ್ಚಿಕೊಳ್ಳುತ್ತವೆ. ಮೇಲೆ ಗಾಯ ಕಾಣುವ ಮೊದಲೇ ಒಳಗೆ ಕೆಟ್ಟಿರುತ್ತದೆ. ಜಾರದಿರಲೆಂದು ವೆಡ್ಜ್‌ಗೆ ಪಟ್ಟಿ ಹಾಕಿ ಮಂಚಕ್ಕೆ ಕಟ್ಟುವವರೂ ಇದ್ದಾರೆ. ಎರಡು ಗಂಟೆಗೊಮ್ಮೆ ಆ ಗಂಟು ಬಿಚ್ಚಿ ಕಟ್ಟುವ ತಾಳ್ಮೆ ಮೂರನೆಯ ದಿನಕ್ಕೆ ಮುಗಿಯುತ್ತದೆ.

ಇನ್ನು ಬೆವರು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ರೆಕ್ಸಿನ್‌ಗೆ ತಾಗಿದ ಬೆನ್ನು ಒಂದು ಗಂಟೆಯಲ್ಲಿ ತೊಯ್ದು ಬಿಳಿಚಿಕೊಳ್ಳುತ್ತದೆ. ತೊಯ್ದ ಚರ್ಮ ಸುಲಭವಾಗಿ ಸುಲಿಯುತ್ತದೆ. ಮೇಲೆ ಟವೆಲ್ ಹಾಸಿದರೆ ಟವೆಲ್ ಮುದುಡಿ, ಆ ಮಡಿಕೆಯೇ ಬೆನ್ನಿಗೆ ಒತ್ತುತ್ತದೆ.

ಹಾಗಾಗಿ ಫೋಮ್. ಸೋಫಾ ಕುಶನ್ ಮಾಡುವ, ಹಾಸಿಗೆಯ ಫೋಮ್ ಮಾರುವ ಅಂಗಡಿ ಯಾವ ತಾಲ್ಲೂಕು ಕೇಂದ್ರದಲ್ಲಾದರೂ ಇರುತ್ತದೆ. ಅಲ್ಲಿ 40 ಡೆನ್ಸಿಟಿಯ ಫೋಮ್ ಕೇಳಿ. 32 ಕೂಡ ನಡೆಯುತ್ತದೆ, ಆದರೆ ಬೇಗ ಕುಗ್ಗುತ್ತದೆ. ಅಳತೆ ಹೀಗೆ: 12 ಇಂಚು ತಳ, 7 ಇಂಚು ಎತ್ತರ, 10 ಇಂಚು ಉದ್ದದ ಒಂದು ದಿಮ್ಮಿ. ಇದನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಸೀಳಿದರೆ ಒಂದೇ ದಿಮ್ಮಿಯಲ್ಲಿ ಎರಡು ವೆಡ್ಜ್, ಹೆಚ್ಚೇನೂ ದಂಡವಾಗುವುದಿಲ್ಲ. 12ಕ್ಕೆ 7 ಎಂದರೆ ಕೋನ 30 ಡಿಗ್ರಿಗೆ ಕೂದಲೆಳೆಯಷ್ಟು ಹೆಚ್ಚು. ಮೈ ಭಾರವಿದ್ದವರಿಗೆ ಎತ್ತರ 8 ಇಂಚು ಹೇಳಿ, ಒತ್ತಿದ ಮೇಲೆ ಸರಿಯಾಗುತ್ತದೆ. ಆಳೆತ್ತರ ಇದ್ದವರಿಗೆ ಉದ್ದ 12 ಇಂಚು ಇರಲಿ. ಸೀಳಿದ ತೆಳು ಅಂಚನ್ನು ಬ್ಲೇಡಿನಂತೆ ಚೂಪಾಗಿ ಬಿಡಬೇಡಿ, ಅರ್ಧ ಇಂಚು ದಪ್ಪ ಉಳಿಯುವಂತೆ ತುದಿ ಕತ್ತರಿಸಿ ತೆಗೆಸಿ. ಇಲ್ಲದಿದ್ದರೆ ಅದು ಮಡಚಿಕೊಂಡು ಬೆನ್ನಿನ ಕೆಳಗೆ ಸುರುಳಿಯಾಗುತ್ತದೆ.

ಎರಡು ಯಾಕೆ, ಒಂದೇ ಉದ್ದನೆಯದು ಸಾಲದೇ? ಸಾಲದು. ಭುಜದಿಂದ ತೊಡೆಯವರೆಗೆ ಒಂದೇ ತುಂಡು ಕೊಟ್ಟರೆ ಬೆನ್ನಿನ ಬುಡದ ಮೂಳೆಯೂ ಆ ತುಂಡಿನ ಮೇಲೇ ಕೂರುತ್ತದೆ. ಹಾಸಿಗೆಯ ಒತ್ತಡದಿಂದ ಬಿಡಿಸಿ ವೆಡ್ಜ್‌ನ ಒತ್ತಡಕ್ಕೆ ಕೊಟ್ಟ ಹಾಗೆ. ಎರಡಿದ್ದರೆ ಒಂದು ಭುಜದಿಂದ ಸೊಂಟದವರೆಗೆ ಬೆನ್ನಿಗೆ, ಇನ್ನೊಂದು ಪೃಷ್ಠ ಮುಗಿದ ಮೇಲೆ ತೊಡೆಗೆ. ನಡುವೆ ಒಂದು ಅಂಗೈ ಅಗಲ ಖಾಲಿ. ಆ ಖಾಲಿ ಜಾಗದಲ್ಲಿ ಮೂಳೆ ಯಾವುದಕ್ಕೂ ತಾಗದೆ ನಿಲ್ಲುತ್ತದೆ.

ಒಬ್ಬರೇ ಇರುವಾಗ ಕ್ರಮ ಹೀಗಿರಲಿ. ಮೈ ಕೆಳಗೆ ಹಳೆಯ ಹತ್ತಿ ಪಂಚೆಯನ್ನು ಎರಡು ಮಡಿಕೆ ಮಾಡಿ ಭುಜದಿಂದ ತೊಡೆಯವರೆಗೆ ಸದಾ ಹಾಸಿರಿ. ಎಳೆಯುವುದು ಪಂಚೆಯನ್ನು, ಕೈಕಾಲನ್ನಲ್ಲ. ಮೊದಲು ಅವರನ್ನು ಪಂಚೆಯ ಸಮೇತ, ತಿರುಗಿಸಬೇಕಾದ ಕಡೆಗೆ ವಿರುದ್ಧವಾದ ಬದಿಗೆ ಸ್ವಲ್ಪ ಸರಿಸಿ, ಇಲ್ಲದಿದ್ದರೆ ತಿರುಗಿಸಿದ ಮೇಲೆ ಮಂಚದ ಅಂಚಿಗೆ ಬಂದುಬಿಡುತ್ತಾರೆ. ಆ ಬದಿಯ ಕಂಬಿ ಏರಿಸಿರಲಿ. ತಿರುಗಿಸಬೇಕಾದ ಕಡೆಗೆ ಬಂದು ನಿಂತು, ನಿಮ್ಮಿಂದ ದೂರದ ಮಂಡಿಯನ್ನು ಮಡಿಸಿ, ಆ ಕೈಯನ್ನು ಎದೆಯ ಮೇಲೆ ಇಟ್ಟು, ಭುಜ ಮತ್ತು ಸೊಂಟ ಎರಡಕ್ಕೂ ಕೈ ಕೊಟ್ಟು ನಿಮ್ಮ ಕಡೆಗೆ ಹೊರಳಿಸಿ. ಬೆನ್ನಿನ ಹಿಂದೆ ಎರಡೂ ವೆಡ್ಜ್‌ಗಳನ್ನು ತೆಳು ಅಂಚು ಮೈ ಕಡೆಗೆ ಬರುವಂತೆ ಸೇರಿಸಿ, ನಿಧಾನ ಅವುಗಳ ಮೇಲೆ ಒರಗಿಸಿ. ಕೆಳಗೆ ಸಿಕ್ಕಿದ ಭುಜವನ್ನು ಎರಡು ಬೆರಳಷ್ಟು ಮುಂದಕ್ಕೆ ಎಳೆದುಕೊಳ್ಳಿ, ಭುಜದ ತುದಿಯ ಮೇಲೆ ಮಲಗಬಾರದು. ಕಿವಿ ಮಡಚಿದೆಯೇ, ಯೂರಿನ್ ಪೈಪ್ ತೊಡೆಯ ಕೆಳಗೆ ಸಿಕ್ಕಿದೆಯೇ, ಡೈಪರ್ ಮುದುಡಿದೆಯೇ ನೋಡಿ.

ಕೊನೆಯದು ಕೈ ಪರೀಕ್ಷೆ. ಅಂಗೈ ಮೇಲಾಗಿ, ಬೆರಳು ಚಪ್ಪಟೆ ಮಾಡಿ, ಎರಡು ವೆಡ್ಜ್‌ಗಳ ನಡುವಿನ ಸಂದಿಯಿಂದ ಬೆನ್ನಿನ ಬುಡದ ಕೆಳಗೆ ತೂರಿಸಿ. ಕೈ ಸಲೀಸಾಗಿ ಹೋಗಿ ಮೂಳೆಯ ಗಡಸು ತಾಗದಿದ್ದರೆ ಸರಿ. ಕೈ ಬಿಗಿಯಾಗಿ ಸಿಕ್ಕಿಕೊಂಡರೆ ವೆಡ್ಜ್ ಇನ್ನೂ ಒಳಗೆ ಹೋಗಬೇಕು. ಹೆಚ್ಚು ಕಾಣುವ ತಪ್ಪೆಂದರೆ ಬೆನ್ನಿಗೆ ಮಾತ್ರ ಕೊಟ್ಟು ತೊಡೆಗೆ ಕೊಡದಿರುವುದು. ಆಗ ಭುಜ ತಿರುಗಿರುತ್ತದೆ, ಸೊಂಟ ಅಂಗಾತವೇ ಇರುತ್ತದೆ, ನಡು ಹಿಂಡಿದ ಬಟ್ಟೆಯಂತೆ ತಿರುಚಿರುತ್ತದೆ.

ಫೋಮ್‌ಗೂ ಒಂದು ದೋಷವಿದೆ, ಮುಚ್ಚಿಡುವುದಿಲ್ಲ: ಮೂತ್ರ ಕುಡಿಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದರೆ ರೆಕ್ಸಿನ್ ಕಥೆಯೇ ಮರಳಿ ಬರುತ್ತದೆ, ಮೇಲಾಗಿ ರಾತ್ರಿಯಿಡೀ ಚರಚರ ಸದ್ದು. ಮ್ಯಾಟ್ರೆಸ್ ಪ್ರೊಟೆಕ್ಟರ್ ಎಂದು ಮಾರುವ, ಮೇಲೆ ಟರ್ಕಿ ಟವೆಲ್ಲಿನಂಥ ಹತ್ತಿ, ಒಳಗೆ ನೀರು ತಡೆಯುವ ಲೇಪ ಇರುವ ಬಟ್ಟೆಯಲ್ಲಿ ಒಳಗವಸು ಹೊಲಿಸಿ. ಫೋಮ್‌ಗೆ ಬಿಗಿಯಾಗಿ ಕೂರಬೇಕು, ಜಿಪ್ ಎತ್ತರದ ಹಿಂಬದಿಗೆ ಬರಬೇಕು. ಅದರ ಮೇಲೆ ಹಳೆಯ ಹತ್ತಿ ಸೀರೆಯದೋ ಪಂಚೆಯದೋ ಹೊರಗವಸು, ಒಂದೊಂದಕ್ಕೆ ಮೂರು ಜೊತೆ. ಹತ್ತಿಯ ಮೇಲೆ ಹತ್ತಿ ಜಾರುವುದಿಲ್ಲ, ರೆಕ್ಸಿನ್‌ನ ತಕರಾರು ಇಷ್ಟರಲ್ಲೇ ಬಗೆಹರಿಯುತ್ತದೆ. ಆದರೂ ಫೋಮ್ ನೆನೆದರೆ ತೊಳೆದು, ಹಿಂಡದೆ ಒತ್ತಿ ನೀರು ತೆಗೆದು, ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಫೋಮ್ ಹಳದಿಯಾಗಿ ಪುಡಿಯುದುರುತ್ತದೆ.

ಕೌದಿಗೆ ಎರಡನೆಯ ಸ್ಥಾನ, ಒಂದು ಪೈಸೆ ಖರ್ಚಿಲ್ಲದ್ದಕ್ಕೆ ಮೊದಲನೆಯದೇ ಕೊಡಬೇಕಿತ್ತೇನೋ. ಹಳೆಯ ಸೀರೆಗಳನ್ನು ಪದರ ಪದರ ಹೊಲಿದ ಕೌದಿ ಉತ್ತರ ಕರ್ನಾಟಕದ ಯಾವ ಮನೆಯಲ್ಲೂ ಇರುತ್ತದೆ. ಸುರುಳಿ ಸುತ್ತಬೇಡಿ, ಸುರುಳಿ ಉರುಳುತ್ತದೆ. ಮೆಟ್ಟಿಲಿನಂತೆ ಮಡಿಸಿ: ಮೊದಲ ಮಡಿಕೆ ಅಗಲ, ಮೇಲಿನದು ಅದಕ್ಕಿಂತ ಕಿರಿದು, ಅದರ ಮೇಲಿನದು ಇನ್ನೂ ಕಿರಿದು. ಕುಗ್ಗುವುದಿಲ್ಲ, ಜಾರುವುದಿಲ್ಲ, ಗಾಳಿಯಾಡುತ್ತದೆ. ತೊಂದರೆ ಎರಡು. ಹೊಲಿಗೆಯ ಗಂಟುಗಳು ಬರಿಯ ಚರ್ಮಕ್ಕೆ ಒತ್ತುತ್ತವೆ, ಅದಕ್ಕೆ ಮೇಲೊಂದು ನುಣುಪು ಹತ್ತಿ ಬಟ್ಟೆ ಬೇಕು. ಒಗೆದರೆ ಮಳೆಗಾಲದಲ್ಲಿ ಎರಡು ಮೂರು ದಿನವಾದರೂ ಒಣಗುವುದಿಲ್ಲ. ಮಲೆನಾಡು, ಕರಾವಳಿಯವರು ಇದನ್ನು ನಂಬಿ ಕೂರುವಂತಿಲ್ಲ.

ಬೂರುಗದ ಹತ್ತಿಯ ದಿಂಬು ತಲೆಗೆ ಚೆನ್ನ, ಬೆನ್ನಿಗೆ ಬೇಡ. ಮಧ್ಯರಾತ್ರಿಗೆ ಚಪ್ಪಟೆ.

ಮೆಮೊರಿ ಫೋಮ್ ಸೆಕೆ. ಗರ್ಭಿಣಿಯರಿಗೆಂದು ಮಾಡಿದ ಯು ಆಕಾರದ ದೊಡ್ಡ ದಿಂಬನ್ನೂ ಈಗ ಹಿರಿಯರಿಗೆ ತರುತ್ತಿದ್ದಾರೆ. ಮೂರು ಅಡಿ ಅಗಲದ ಆಸ್ಪತ್ರೆ ಮಂಚದಲ್ಲಿ ಅದನ್ನಿಟ್ಟರೆ ಮನುಷ್ಯನಿಗೆ ಜಾಗವಿಲ್ಲ, ಒಂದು ಮೂಲೆ ಒದ್ದೆಯಾದರೆ ಇಡೀ ಹೆಬ್ಬಾವನ್ನು ಒಗೆಯಬೇಕು. ತಲೆ ತಾವೇ ತಿರುಗಿಸಲಾಗದವರ ಮೂಗಿನ ಹತ್ತಿರ ಅಷ್ಟು ಮೆತ್ತನೆಯ ರಾಶಿ ಇರುವುದೂ ಅಪಾಯ.

ಗಾಳಿ ತುಂಬುವ ರಿಂಗ್ ಬೇಡವೇ ಬೇಡ. ಅಂಚು ಸುತ್ತಲೂ ಒತ್ತಿ ನಡುವಿನ ಚರ್ಮಕ್ಕೆ ರಕ್ತ ಸಾಲದಂತೆ ಮಾಡುತ್ತದೆ. ಹಿಮ್ಮಡಿಯ ಕೆಳಗೆ ಗ್ಲೌಸ್‌ನಲ್ಲಿ ನೀರು ತುಂಬಿಡುವುದೂ ಇದೇ ಸಾಲಿನದು. ಬೆಡ್‌ಸೋರ್ ತಡೆಯ ಮಾರ್ಗಸೂಚಿಗಳು ಎರಡನ್ನೂ ಬೇಡ ಎಂದಿವೆ, ಆದರೂ ವಾರ್ಡಿನಲ್ಲಿ ನೋಡಿಕೊಂಡು ಬಂದವರು ಮನೆಯಲ್ಲೂ ಮಾಡುತ್ತಾರೆ.

ಹಿಮ್ಮಡಿಗೆ ಬೇಕಾದದ್ದು ಮೆತ್ತೆಯಲ್ಲ, ಗಾಳಿ. ಅಂಗಾತ ಮಲಗಿಸಿದಾಗ ಫೈಬರ್ ದಿಂಬನ್ನು ಉದ್ದುದ್ದ ಇಟ್ಟು ಇಡೀ ಮೀನಖಂಡಕ್ಕೆ ಆಸರೆ ಕೊಡಿ, ದಿಂಬು ಪಾದದ ಕೀಲಿಗಿಂತ ಮೇಲೆಯೇ ಮುಗಿಯಲಿ. ಹಿಮ್ಮಡಿಯ ಕೆಳಗೆ ಒಂದು ಹಾಳೆ ಎಳೆದರೆ ತಡೆಯಿಲ್ಲದೆ ಬರಬೇಕು. ಮಂಡಿ ತುಸುವೇ ಬಾಗಿರಲಿ. ಮಂಡಿಯ ಕೆಳಗೆ ಮಾತ್ರ ದಪ್ಪ ದಿಂಬು ತುರುಕಿ ದಿನಗಟ್ಟಲೆ ಬಿಟ್ಟರೆ ಮಂಡಿ ಹಾಗೆಯೇ ಮಡಚಿ ಬಿಗಿಯುತ್ತದೆ, ಆಮೇಲೆ ನೆಟ್ಟಗಾಗುವುದು ಕಷ್ಟ. ಹಿರಿಯರಿಗೆ ಆ ಭಂಗಿ ಹಿತವೆನಿಸುತ್ತದೆ, ‘ಇರಲಿ ಬಿಡವ್ವ, ಹಿಂಗೇ ಚಲೋ ಐತಿ’ ಅನ್ನುತ್ತಾರೆ. ಒಂದರ್ಧ ಗಂಟೆ ಬಿಟ್ಟು ತೆಗೆಯಿರಿ. ಮಗ್ಗುಲಾಗಿ ಮಲಗಿಸಿದಾಗ ಅದೇ ದಿಂಬು ಕಾಲುಗಳ ನಡುವೆ, ಮಂಡಿಯಿಂದ ಪಾದದ ಕೀಲಿನವರೆಗೆ. ಮಂಡಿಯ ನಡುವೆ ಮಾತ್ರ ಇಟ್ಟರೆ ಪಾದದ ಗಂಟುಗಳು ಒಂದಕ್ಕೊಂದು ಉಜ್ಜುತ್ತವೆ.

ಊಟದ ಹೊತ್ತಿಗೆ ಈ ಯಾವ ವೆಡ್ಜೂ ಆಗದು. ಗಂಜಿ ಕುಡಿಸುವಾಗ ಸಾಧ್ಯವಾದಷ್ಟು ನೆಟ್ಟಗೆ ಕೂರಿಸಿ, ಮುಗಿದ ಮೇಲೂ ಅರ್ಧ ಗಂಟೆ ತಲೆ ಮೇಲಿರಲಿ. ಮೂಗಿನ ಪೈಪಿನಿಂದ ಕೊಡುವಾಗ ತಲೆಯ ಭಾಗ 30ರಿಂದ 45 ಡಿಗ್ರಿ. ಏರಿಸುವ ಮಂಚವಿದ್ದರೆ ಮೊದಲು ಮಂಡಿಯ ಭಾಗ ಏರಿಸಿ, ಆಮೇಲೆ ತಲೆ. ತಿರುಗಾ ಮುರುಗಾ ಮಾಡಿದರೆ ಮೈ ಕೆಳಗೆ ಜಾರುತ್ತದೆ. ಉಳಿದ ಹೊತ್ತಿನಲ್ಲಿ, ಉಸಿರಿನ ತೊಂದರೆಯಂಥ ಬೇರೆ ಕಾರಣ ಇಲ್ಲದಿದ್ದರೆ, ತಲೆಯ ಭಾಗ 30 ಡಿಗ್ರಿ ದಾಟದಿರಲಿ.

ಏರ್ ಬೆಡ್ ಇದ್ದರೆ ದಿಂಬು ಬೇಡ ಅನ್ನುವುದು ತಪ್ಪು. ಹೊರಳಿಸುವುದು ಇದ್ದೇ ಇದೆ. ಆದರೆ ಏರ್ ಬೆಡ್ ಮೇಲೆ ಕೌದಿ, ರೆಕ್ಸಿನ್, ಬೆಡ್‌ಶೀಟ್ ಎಂದು ಪೇರಿಸಿದರೆ ಕೆಳಗಿನ ಗಾಳಿಯ ಏರಿಳಿತ ಮೈಗೆ ತಲುಪುವುದೇ ಇಲ್ಲ. ಒಂದು ಶೀಟ್, ಪಂಚೆ, ಎರಡು ಫೋಮ್ ತುಂಡು, ಸಾಕು.

ನನ್ನ ತೀರ್ಪಿನಲ್ಲಿ ಒಗೆಯುವ ಕೆಲಸದ ಲೆಕ್ಕ ದೊಡ್ಡದು. ರಾತ್ರಿ ಎರಡಕ್ಕೆ ಗವಸು ಕಿತ್ತು ಬಕೆಟ್ಟಿಗೆ ಹಾಕಿ ಇನ್ನೊಂದು ಏರಿಸಲು ಎರಡು ನಿಮಿಷ ಸಾಕಾಗಬೇಕು, ಅಷ್ಟೇ ನನ್ನ ಬೇಡಿಕೆ. ದಿನವಿಡೀ ಆರೈಕೆಗೆ ಆಳು ಇದ್ದು, ಪದೇ ಪದೇ ಸರಿಪಡಿಸುವವರಿದ್ದರೆ ರೆಕ್ಸಿನ್‌ನದೂ ನಡೆದೀತು, ಮೇಲೆ ಬಿಗಿಯಾದ ಹತ್ತಿ ಗವಸು ಹೊಲಿಸಿಕೊಳ್ಳಿ. ಕೈಯಲ್ಲಿ ಏನೂ ಇಲ್ಲದಿದ್ದರೆ ಇವತ್ತೇ ಕೌದಿ ಮಡಿಸಿ, ಫೋಮ್ ಮುಂದಿನ ತಿಂಗಳು ನೋಡೋಣ.

ಯಾವುದನ್ನೇ ಇಟ್ಟರೂ ತೆಗೆಯುವಾಗ ಚರ್ಮ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿ ಮತ್ತೆ ಬಣ್ಣ ಬಂದರೆ ಸರಿ. ಬಿಳಿಚದಿದ್ದರೆ ಹುಣ್ಣು ಶುರುವಾಗಿದೆ. ಆ ಮಗ್ಗುಲಿಗೆ ಮಲಗಿಸುವುದು ನಿಲ್ಲಿಸಿ, ನರ್ಸ್‌ಗೋ ಡಾಕ್ಟರಿಗೋ ತೋರಿಸಿ. ನಮ್ಮ ಕಪ್ಪು ಚರ್ಮದಲ್ಲಿ ಈ ಕೆಂಪು ಕಾಣದೇ ಹೋಗಬಹುದು. ಸುತ್ತಲಿನದಕ್ಕಿಂತ ಬಿಸಿ, ಗಡಸು ಅಥವಾ ಹೆಚ್ಚು ಕಪ್ಪು ಇದೆಯೇ ಎಂದು ಬೆರಳಿನ ಹಿಂಬದಿಯಿಂದ ಮುಟ್ಟಿ, ಹಗಲಿನ ಬೆಳಕಿನಲ್ಲಿ ನೋಡಬೇಕು.